ಮಹಾನವಮಿಯ ಕೆಂಪು ದೀಪ

ಆ ದಿನ ಬೆಳಗ್ಗೆ ಕಪ್ಪತಗುಡ್ಡದಿಂದ ಇಳಿದ ಮಂಜು ಊರಿನ ಮಾಳಿಗೆಗಳ ಮೇಲೆ ಕೂತುಬಿಟ್ಟಿತ್ತು. ಗಾಳಿ ಇರಲಿಲ್ಲ. ಗುಡ್ಡದ ಸಾಲಿನ ಗಾಳಿಕಂಬಗಳ ಬುಡ ಮಾತ್ರ ಕಾಣುತ್ತಿತ್ತು, ರೆಕ್ಕೆಗಳು ಕಾಣುತ್ತಿರಲಿಲ್ಲ. ರಾತ್ರಿ ಸುರಿದ ಹಿಂಗಾರಿ ಮಳೆಗೆ ಹಳ್ಳ ತುಂಬಿ, ಅದರ ಸದ್ದು ಮಂಜಿನೊಳಗಿಂದ ಒಂದೇ ಸಮನೆ ಬರುತ್ತಿತ್ತು. ಮಹಾನವಮಿಯ ಬೆಳಗು. ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು ಪೂಜೆಗೆ ಕೂಡಿಸುವ ಖಂಡೇಪೂಜೆ ಆಗಲೇ ಎಲ್ಲರ ಮನೆಯಲ್ಲೂ ಮುಗಿದಿತ್ತು.

ಅಂದಪ್ಪ ಪಡಸಾಲೆಯ ಹೊರಸಿನ ಮೇಲೆ ದಿಂಬಿಗೆ ಒರಗಿಕೊಂಡು, ಎದುರಿನ ಗೂಡಿನಲ್ಲಿದ್ದ ವೈಫೈ ಡಬ್ಬಿಯನ್ನು ನೋಡುತ್ತಿದ್ದ. ನಿನ್ನೆ ಸಂಜೆಯವರೆಗೆ ಅದರ ಮೈಮೇಲೆ ಹಸಿರು ದೀಪಗಳಷ್ಟೇ ಇದ್ದವು. ಈಗ ನಡುವೆ ಒಂದು ಕೆಂಪು ದೀಪ ಹತ್ತಿ ಆರಿ, ಹತ್ತಿ ಆರಿ ಮಾಡುತ್ತಿತ್ತು.

ಹಿರೇವಡ್ಡಟ್ಟಿಯಿಂದ ಗುಡ್ಡದ ಕಡೆ ಹೊರಳಿದರೆ ಸಿಗುವ ಈ ಊರಿನಲ್ಲಿ ಅಮ್ಮನ ಗುಡಿ ಎತ್ತರದ ದಿಬ್ಬದ ಮೇಲಿದೆ. ನವರಾತ್ರಿಯ ಒಂಬತ್ತೂ ದಿನ ಅಲ್ಲಿ ಪುರಾಣ. ಅದರ ಪದ್ಯ ಹಾಡುವುದು ಅಂದಪ್ಪನ ಪಾಲಿಗೆ ಅವನ ತಂದೆಯಿಂದ ಬಂದದ್ದು. ಈ ಸಲ ಹೊಲದ ಬದುವಿನಲ್ಲಿ ಜಾರಿಬಿದ್ದು ತೊಡೆಯ ಎಲುಬು ಮುರಿಯಿತು. ಗದಗಿನಲ್ಲಿ ಒಳಗೆ ಸಲಾಕೆ ಹಾಕಿ ಕಳಿಸಿದ ಡಾಕ್ಟರು, ಅವನನ್ನು ಎತ್ತಿ ಇಳಿಸುವ ಹಾಗಿಲ್ಲ, ಎಲುಬು ಮತ್ತೊಮ್ಮೆ ಸರಿದರೆ ಕಾಲು ನೆಲಕ್ಕೆ ಹತ್ತುವುದಿಲ್ಲ ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ಊರಿನ ಕೆಲವರು ಈ ವರ್ಷ ನೀಲಪ್ಪ ಹಾಡಲಿ ಅಂದರು. ನೀಲಪ್ಪ ಅಂದಪ್ಪನ ಸರಿವಯಸ್ಸಿನವ, ಭಜನೆಯಲ್ಲಿ ಒಳ್ಳೆಯ ಕಂಠ. ಅಂದಪ್ಪ ಒಪ್ಪಲಿಲ್ಲ. ಹೊರಸಿನ ಮೇಲೆ ಕೂತೇ ಸಂಕಲ್ಪ ಮಾಡಿದ. ಮುಂಡರಗಿಯಿಂದ ಇಂಟರ್ನೆಟ್ ಕೆಲಸದ ಶಕೀಲನನ್ನು ಕರೆಸಿ ಮನೆಗೆ ವೈಫೈ ತಂತಿ ಎಳೆಸಿದ. ಅಂದಪ್ಪ ಮನೆಯಿಂದ ಫೋನಿನಲ್ಲಿ ಹಾಡುವುದು, ಗುಡಿಯಲ್ಲಿ ಮಗ ಸಿದ್ದಲಿಂಗೇಶ ತನ್ನ ಫೋನನ್ನು ಮೈಕಿಗೆ ಹಚ್ಚುವುದು. ಎಂಟು ದಿನ ಹೀಗೆಯೇ ನಡೆದಿತ್ತು.

ಉಳಿದದ್ದು ಕೊನೆಯದು, ಮಂಗಲದ ಅಧ್ಯಾಯ. ಹಿಡಿದ ಪುರಾಣ ಹಿಡಿದವನ ಬಾಯಲ್ಲೇ ಮುಗಿಯಬೇಕು ಎಂಬುದು ಆ ಗುಡಿಯ ಕಟ್ಟಳೆ. ನಡುವೆ ಬಾಯಿ ಬದಲಾದರೆ ಪುರಾಣ ಒಡೆಯಿತು ಅನ್ನುತ್ತಾರೆ. ಒಡೆದವನ ಮನೆಗೆ ಹಾಡುವ ಪಾಲು ಮತ್ತೆ ಬರುವುದಿಲ್ಲ.

ತಗ್ಗಿನಲ್ಲಿದ್ದ ಆ ಮನೆಯೊಳಗೆ ಬರಿ ಫೋನಿಗೆ ಮಾತು ಹತ್ತುತ್ತಿರಲಿಲ್ಲ. ಮಾಳಿಗೆ ಏರಿ ಮೂಡಣ ಮೂಲೆಯಲ್ಲಿ ನಿಂತರೆ ಮಾತ್ರ ಹತ್ತುತ್ತಿತ್ತು. ಸೊಸೆ ಅಂಕಿತಾ ನಿಚ್ಚಣಿಕೆ ಹತ್ತಿ ಹೋಗಿ ಶಕೀಲನಿಗೆ ಫೋನು ಹಚ್ಚಿದಳು. ಮಾಳಿಗೆಯ ಬೆಳಕಿಂಡಿಯಲ್ಲಿ ಅವಳ ಮುಖ ಕಂಡಿತು.

"ಮಾವಾರ, ಶಕೀಲಣ್ಣ ಸಿಕ್ಕಾನ್ರಿ. ಹಳ್ಳ ಬಂದೈತಿ, ಗಾಡಿ ದಾಟಂಗಿಲ್ಲ ಅಂತಾನ. ನಾ ಹೇಳಿದಂಗ ಮಾಡ್ತೀರೇನು ಅಂತ ಕೇಳಾಕತ್ತಾನ."

"ಮಾಡ್ತೀವಿ ಅನ್ನು. ಏನ ಹೇಳಿದ್ರೂ ಮಾಡ್ತೀವಿ ಅನ್ನು."

"ಯಾವ ದೀಪ ಕೆಂಪ ಐತಿ ಅಂತ."

"ನಡುವಿಂದು. ಕಣ್ಣ ಪಿಳಕಸಾಕತ್ತೈತಿ."

ಅಂಕಿತಾ ಅತ್ತ ಹೊರಳಿ ಹೇಳಿ, ಇತ್ತ ಹೊರಳಿದಳು. "ಡಬ್ಬಿಗೆ ಕರೆಂಟ್ ಬರಾಕತ್ತೈತಿ, ಒಳಗ ಬೆಳಕು ಬರವಲ್ದು ಅಂತಾನ. ಆ ಸಣ್ಣ ವೈರಿನ್ಯಾಗ ಗಾಜಿನ ಎಳಿ ಇರ್ತೈತಂತ. ಅದರಾಗ ಬೆಳಕು ಹರೀತೈತಂತ. ಅದೆಲ್ಲೋ ನಿಂತೈತಂತ. ಮದ್ಲ ಒಮ್ಮಿ ಬಂದ್ ಮಾಡಿ ಚಾಲೂ ಮಾಡ್ರಿ."

ಅಂದಪ್ಪನ ಹೆಂಡತಿ ಗದಿಗೆವ್ವ ಸೆರಗು ಸಿಕ್ಕಿಸಿಕೊಂಡು ಗುಂಡಿ ಒತ್ತಿದಳು. ದೀಪಗಳೆಲ್ಲ ಆರಿದವು. ಮತ್ತೆ ಒತ್ತಿದಳು. ಒಂದೊಂದೇ ಹತ್ತಿ, ಕೊನೆಗೆ ಕೆಂಪಿನದು ಮೊದಲಿನಂತೆಯೇ ಹತ್ತಿ ಆರತೊಡಗಿತು.

ದಿಬ್ಬದ ಮೇಲಿನ ಮೈಕು ಆಗ ಗರಗರ ಅಂದಿತು. ಸಿದ್ದಲಿಂಗೇಶನ ದನಿ: "ಅಪ್ಪನ ಲೈನ್ ಇನ್ನೂ ಹತ್ತಿಲ್ಲ. ಹತ್ತೂತನಕ ನೀಲಪ್ಪನವರು ಭಜನಿ ಪದಾ ಹೇಳ್ತಾರ. ಬಿಸಲು ಗುಡಿ ಹೊಸ್ತಲಕ್ಕ ಬರೂದ್ರೊಳಗ ಹತ್ತಲಿಲ್ಲಂದ್ರ ಮಂಗಲಾನೂ ಅವ್ರ ಮಾಡ್ತಾರ ಅಂತ ದೈವದವರು, ಊರ ಹಿರ್ಯಾರು ಹೇಳ್ಯಾರ."

ತಾಳ ಬಡಿಯಿತು. ನೀಲಪ್ಪ ಎತ್ತರದ ದನಿಯಲ್ಲಿ ಹಾಡು ಹಿಡಿದ.

"ಮಂಗಲಾ ಹಿಡ್ಯಾಕ ಗಂಟಲಾ ಸಾಫ್ ಮಾಡ್ಕೊಳ್ಳಾಕತ್ತಾನ," ಅಂದ ಅಂದಪ್ಪ.

"ಅವ್ನ ಗಂಟಲಾ ಬಿಡ್ರಿ, ನಿಮ್ಮ ಡಬ್ಬಿ ನೋಡ್ರಿ," ಅಂದಳು ಗದಿಗೆವ್ವ.

ಅಂಕಿತಾ ಮಾಳಿಗೆಯ ಮೇಲೆ ತಂತಿಯ ಜಾಡು ಹಿಡಿದು ನಡೆದಳು. ಎಲ್ಲಾದರೂ ಮುರಿದು ಮಡಚಿದ್ದರೆ, ಭಾರ ಬಿದ್ದಿದ್ದರೆ ಬೆಳಕು ನಿಲ್ಲುತ್ತದೆ ಎಂದು ಶಕೀಲ ಹೇಳಿದ್ದ. ರಾತ್ರಿ ಮಳೆ ಬಂದಾಗ ಶೇಂಗಾದ ಮೇಲೆ ತಾಡಪತ್ರಿ ಎಳೆದು ಹೇರಿದ್ದ ಕಲ್ಲೊಂದು ತಂತಿಯ ಮೇಲೆಯೇ ಕೂತಿತ್ತು.

"ಸಿಕ್ತ್ರಿ ಅತ್ತೀ. ಕಲ್ಲ ಬಿದ್ದೈತಿ ನೋಡ್ರಿ ಇಲ್ಲೆ."

ಕಲ್ಲು ಸರಿಯಿತು. ಕೆಳಗೆ ಗಂಡ ಹೆಂಡತಿ ಇಬ್ಬರೂ ಡಬ್ಬಿಯನ್ನು ನೋಡಿದರು. ಕೆಂಪು ದೀಪ ತನ್ನ ಪಾಡಿಗೆ ತಾನು ಹತ್ತಿ ಆರುತ್ತಲೇ ಇತ್ತು.

ಓಣಿಯವರು ಇಬ್ಬರು ಬಾಗಿಲಲ್ಲಿ ಇಣುಕಿ, "ಅಂದಪ್ಪಜ್ಜಾ, ಹೊರಸು ಸಮೇತ ಹೊತ್ತಕೊಂಡ ಹೋಗೂಣೇನು? ನಾಕ ಮಂದಿ ಸಾಕು" ಅಂದರು.

"ಹೊತ್ತಕೊಂಡ ಹೋಗೂ ದಿನ ಬರ್ತೈತಿ, ತಡೀರಿ," ಅಂದ ಅಂದಪ್ಪ. "ಇವತ್ತಲ್ಲ."

ಅವರು ನಕ್ಕು ಹೋದರು. ಅವನು ನಗಲಿಲ್ಲ. ಕಣ್ಣು ಮುಚ್ಚಿ ಮಂಗಲದ ಮೊದಲ ಪದ್ಯವನ್ನು ತುಟಿಯಲ್ಲೇ ಒಮ್ಮೆ ಆಡಿಸಿ ನೋಡಿದ. ಅಕ್ಷರಗಳೆಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಹಾಡುವವನು ಸಿದ್ಧ, ಕೇಳುವವರು ಸಿದ್ಧ, ನಡುವಿನ ಹಾದಿಯೊಂದು ಕಟ್ಟಿದೆ. ಹಾದಿ ತೆಗೆಯಬೇಕು, ಅಷ್ಟೇ ಅಂದುಕೊಂಡ.

ಬೆಳಕಿಂಡಿಯಲ್ಲಿ ಅಂಕಿತಾ ಮತ್ತೆ ಕಂಡಳು. "ಶಕೀಲಣ್ಣ ಕೇಳಾಕತ್ತಾನ್ರಿ, ನಿನ್ನಿಯಿಂದ ಈಚೆ ಯಾರರ ಆ ವೈರ್ ಬಿಚ್ಚೀರೇನು ಅಂತ."

"ಯಾರೂ ಬಿಚ್ಚಿಲ್ಲ," ಅಂದಳು ಗದಿಗೆವ್ವ. "ಮನ್ಯಾಗ ಹುಡುಗ್ರಿಲ್ಲ ಮಕ್ಕಳಿಲ್ಲ, ಯಾರ ಬಿಚ್ಚಬೇಕು?"

ಅಂದಪ್ಪ ಕಣ್ಣು ತೆರೆದ. ಗೂಡಿನ ಕೆಳಗೆ ಗೋಡೆಯುದ್ದಕ್ಕೂ ಖಂಡೇಪೂಜೆಯ ಸಾಲು ಇತ್ತು. ಬಿತ್ತುವ ಕೂರಿಗೆಯ ತಾಳು, ಕುಡಗೋಲು, ಕೊಡಲಿ, ಕುಟ್ಟುವ ಒಳ್ಳು, ಮಿಕ್ಸರ್, ಸಿದ್ದಲಿಂಗೇಶ ಬೆಳೆಗೆ ಎಣ್ಣೆ ಹೊಡೆಯುವ ಪಂಪು. ಎಲ್ಲದರ ಮೇಲೂ ಮೂರು ಬೆರಳಿನ ವಿಭೂತಿ, ಒಂದೊಂದು ಚೆಂಡುಹೂವು. ಗೂಡಿನಲ್ಲಿದ್ದ ಡಬ್ಬಿಯ ಹಣೆಯ ಮೇಲೂ ಮೂರು ಗೆರೆ ಇದ್ದವು. ನಸುಕಿನಲ್ಲಿ ಪೂಜೆ ಆಗುವಾಗ ಅವನು ನಿದ್ದೆಯಲ್ಲಿದ್ದ, ಎದ್ದಾಗಿನಿಂದ ಅದನ್ನು ನೋಡುತ್ತಲೇ ಇದ್ದ. ಎಲ್ಲ ಸಾಮಾನುಗಳ ಮೇಲೂ ಇದ್ದ ಗೆರೆ ಅದರ ಮೇಲೂ ಇದ್ದುದರಿಂದ ಕಣ್ಣಿಗೆ ಬಿದ್ದಿರಲಿಲ್ಲ.

"ಈ ಡಬ್ಬಿ ಪೂಜಿಗೆ ಕುಂತಿತ್ತೇನು?"

"ಕೂಡಸ್ಲಾರ್ದ ಬಿಡ್ತೀನೇನು? ಎಂಟ ದಿನಾ ದುಡದೈತಿ."

"ಪೂಜಿ ಮಾಡುವಾಗ ವೈರ್ ಎಲ್ಲಿತ್ತು?"

"ತಗದು ಬಾಜೂಕ ಇಟ್ಟಿದ್ದೆ. ಡಬ್ಬಿ ಒರಸಿ, ವಿಭೂತಿ ಹಚ್ಚಿ, ಆಮ್ಯಾಗ ಹೆಂಗಿತ್ತೋ ಹಂಗ ಸಿಗಸೇನಿ."

"ಈಗರ ಬಿಚ್ಚಿಲ್ಲ ಅಂದಿ."

"ಅದು ಬಿಚ್ಚಿದ್ದಲ್ಲ. ಪೂಜಿ ಮಾಡಿದ್ದು."

ಅಂದಪ್ಪ ತಂತಿಯ ಕಡೆ ನೋಡಿದ. "ವೈರಿಗೂ ಹಚ್ಚೀಯೇನು?"

"ಅದರ ತುದಿಗೆ ಹಚ್ಚೇನಿ. ಪುರಾಣಾ ಹೇಳೂ ಬಾಯಿ ಅದ ಅಲ್ಲೇನು? ಕುಡಗೋಲಕ್ಕ ಹಚ್ಚಿ ಅದಕ್ಕ ಹಚ್ಚಲಿಲ್ಲಂದ್ರ ಹ್ಯಾಂಗ? ಆ ಸಿಗಸೂ ತೂತಿಗೂ ಒಂದೀಟ ಹಚ್ಚೇನಿ."

ಬೆಳಕಿಂಡಿಯಲ್ಲಿ ಅಂಕಿತಾ ಬಾಯಿಗೆ ಸೆರಗು ಹಿಡಿದುಕೊಂಡಳು. ಅತ್ತ ಹೊರಳಿ ಶಕೀಲನಿಗೆ ಹೇಳಿದಳು.

"ಏನಂತಾನವ?" ಅಂದ ಅಂದಪ್ಪ.

"ನಗಾಕತ್ತಿದ್ದ. ಈಗ ನಿಲ್ಲಿಸ್ಯಾನ. ಯವ್ವಗ ಬೈಬ್ಯಾಡ್ರಿ ಅಂತಾನ. ಡಬ್ಬಿ ಕೆಟ್ಟಿಲ್ಲ, ವೈರೂ ಕೆಟ್ಟಿಲ್ಲ. ಆ ಗಾಜಿನ ಎಳಿ ಕೂದಲಕಿಂತ ಸಣ್ಣದು, ಅದರ ಬಾಯಿಗೆ ಬೂದಿ ಕುಂತೈತಿ. ದವಾಖಾನಿ ಸ್ಪಿರಿಟ್ ಐತೇನು ಅಂತ. ಅಳ್ಳಿಗೆ ಹಚ್ಚಿ ಒರಸಬೇಕಂತ. ನೀರು ಹಚ್ಚಬ್ಯಾಡ್ರಿ, ಬಾಯಿಲೆ ಊದಬ್ಯಾಡ್ರಿ, ಬೆರಳು ಮುಟ್ಟಿಸಬ್ಯಾಡ್ರಿ. ಮದ್ಲ ಗುಂಡಿ ಬಂದ್ ಮಾಡ್ರಿ. ತುದೀನ ಕಣ್ಣಿಗೆ ಹಿಡದು ನೋಡಾಕ ಹೋಗಬ್ಯಾಡ್ರಿ."

ಅಂದಪ್ಪನ ಗಾಯ ಒರೆಸುವ ಸ್ಪಿರಿಟ್ ಬಾಟಲಿ, ಅರಳೆಯ ಉಂಡೆ ಹೊರಸಿನ ತಲೆದಿಂಬಿನ ಹತ್ತಿರವೇ ಇದ್ದವು. ಗದಿಗೆವ್ವ ಅವನ್ನು ಎತ್ತಿಕೊಳ್ಳಲಿಲ್ಲ.

"ನಾಳಿ ಬನ್ನಿ ಮುಡಿಯೂತನಕ ಪೂಜಿಗೆ ಕುಂತ ಸಾಮಾನಿನ ವಿಭೂತಿ ಒರಸೂ ಪದ್ಧತಿ ಇಲ್ರಿ ನಮ್ಮನ್ಯಾಗ," ಅಂದಳು. ದನಿ ಸಣ್ಣದಾಗಿತ್ತು. "ನಿಮ್ಮ ಅವ್ವಾರು ಇದ್ದಾಗಿಂದ ಒಮ್ಮಿನೂ ಒರಸಿಲ್ಲ. ನನ್ನ ಕೈಲೆ ಆಗಂಗಿಲ್ಲ."

ದಿಬ್ಬದಿಂದ ನೀಲಪ್ಪನ ಹಾಡು ಮುಗಿಯುವ ಲಯಕ್ಕೆ ಬಂದಿತ್ತು. ಮಂಜು ತೆಳ್ಳಗಾಗಿ, ಬೆಳಕಿಂಡಿಯಿಂದ ಮೊದಲ ಬಿಸಿಲು ನೆಲಕ್ಕೆ ಬಿದ್ದಿತು.

ಅಂದಪ್ಪ ಜೋರು ಮಾಡಲಿಲ್ಲ. "ಗದಿಗೆವ್ವ, ಆ ವಿಭೂತಿ ನೆಲಕ್ಕ ಬೀಳಬಾರದು, ಅಷ್ಟ ಹೌದಲ್ಲೋ? ನೆಲಕ್ಕ ಯಾಕ ಬೀಳಬೇಕು? ಒಣಾ ಅಳ್ಳಿಲೆ ತಗೊಂಡು ನಿನ್ನ ಹಣಿಗೆ ಹಚ್ಚಿಕೋ. ಉಳದದ್ದು ನನ್ನ ಹಣಿಗೆ ಹಚ್ಚು. ದೇವರದು ದೇವರ ಹಂತ್ಯಾಕ ಇರ್ತೈತಿ. ಆಮ್ಯಾಗ ಸ್ಪಿರಿಟ್ ಹಚ್ಚು."

ಅವಳು ಅವನ ಮುಖ ನೋಡಿದಳು. ದೇವರ ಗೂಡಿನ ಕಡೆ ನೋಡಿದಳು. ಆಮೇಲೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದು, ಗುಂಡಿ ಬಂದ್ ಮಾಡಿ ತಂತಿಯನ್ನು ಮೆಲ್ಲಗೆ ಎಳೆದಳು. ಒಣ ಅರಳೆಯಿಂದ ತುದಿಯ ಬಿಳಿಯನ್ನು ತೆಗೆದು ತನ್ನ ಹಣೆಗೆ ಮುಟ್ಟಿಸಿಕೊಂಡಳು, ಬಾಗಿ ಗಂಡನ ಹಣೆಗೂ ಮುಟ್ಟಿಸಿದಳು. ಹೊಸ ಅರಳೆಗೆ ಸ್ಪಿರಿಟ್ ಹನಿಸಿ, ಕೂಸಿನ ಬಾಯಿ ಒರೆಸುವ ಹಾಗೆ ಒಂದೇ ಕಡೆಗೆ ಒರೆಸಿದಳು. ಆರಲು ಬಿಟ್ಟು ಸಿಗಿಸಿದಳು. ಗುಂಡಿ ಒತ್ತಿದಳು.

ಕೆಂಪು.

"ಇನ್ನೂ ಕೆಂಪ ಐತಿ," ಅಂದ ಅಂದಪ್ಪ ಮೇಲೆ ನೋಡಿ.

ಮೈಕಿನಲ್ಲಿ ಹಾಡು ನಿಂತಿತು. ಯಾರೋ ಕೆಮ್ಮಿದರು, ತಾಳ ಮತ್ತೆ ಬಡಿಯಿತು. ನೀಲಪ್ಪ ಇನ್ನೊಂದು ಪದ ಎತ್ತಿದ. ಅದು ಎಷ್ಟು ಉದ್ದದ್ದೆಂದು ಊರಿಗೆಲ್ಲ ಗೊತ್ತಿತ್ತು.

"ತೂತಿನ್ಯಾಗೂ ಬೂದಿ ಐತಲ್ರಿ, ಅದನ್ನೂ ತಗೀಬೇಕು ಅಂತಾನ," ಅಂದಳು ಅಂಕಿತಾ. "ಅದಕ್ಕ ಬ್ಯಾರೆ ಕಡ್ಡಿ ಬರ್ತಾವಂತ, ಅವು ಅವನ ಹಂತ್ಯಾಕ ಅದಾವಂತ. ಹಳ್ಳ ಇಳದಮ್ಯಾಲೆ ಬರ್ತೀನಿ ಅಂತಾನ."

"ಹಳ್ಳ ಸಂಜೀಕ ಇಳೀತೈತಿ," ಅಂದ ಅಂದಪ್ಪ. "ಎಷ್ಟ ದಪ್ಪ ಇರಬೇಕಂತ ಕೇಳು ಕಡ್ಡಿ."

"ದೀಪದ ಸಣ್ಣ ಬತ್ತಿಯಷ್ಟು ಅಂತಾನ. ಎಳಿ ಉದರಬಾರದಂತ."

ಗದಿಗೆವ್ವ ಕೇಳಿಸಿಕೊಂಡಳು. ಗೋಡೆಗೆ ಬೆನ್ನು ಕೊಟ್ಟು ಕೂತು, ಮೊಳಕಾಲ ಮೇಲೆ ಅರಳೆಯ ಎಳೆ ಹಾಸಿದಳು. ದಿನಾ ಬೆಳಗ್ಗೆ ಅಮ್ಮನ ದೀಪಕ್ಕೆ ಬತ್ತಿ ಹೊಸೆಯುವ ಕೈ ಅದು. ಎಣ್ಣೆಯಿಲ್ಲದ ಕೈಯಿಂದ ಬಿಗಿಯಾಗಿ, ಸೂಜಿಯಂತೆ ನಿಲ್ಲುವ ಹಾಗೆ ಹೊಸೆದಳು. ಮೊದಲನೆಯದು ಮೆತ್ತಗಾಯಿತೆಂದು ಬಿಟ್ಟಳು. ಎರಡನೆಯದು ನಿಂತಿತು. ಡಬ್ಬಿಯನ್ನು ಬಂದ್ ಮಾಡಿ, ತಂತಿ ತೆಗೆದು, ಒಣ ಬತ್ತಿಯನ್ನು ತೂತಿಗೆ ತೂರಿಸಿ ಒಂದೇ ಸುತ್ತು ತಿರುವಿ ತೆಗೆದಳು. ತುದಿ ಬೂದುಬಣ್ಣಕ್ಕೆ ತಿರುಗಿತ್ತು. ಅದನ್ನೂ ಹಣೆಗೆ ಮುಟ್ಟಿಸಿಕೊಂಡಳು. ಸ್ಪಿರಿಟಿನ ಬತ್ತಿ ಹಾಕಿ ತೆಗೆದಳು. ಇನ್ನೊಂದು ಒಣದು. ಈ ಸಲ ತುದಿ ಬೆಳ್ಳಗೆ ಬಂತು. ವೈರಿನ ತುದಿಯನ್ನು ಮತ್ತೊಮ್ಮೆ ಒರೆಸಿ ಸಿಗಿಸಿದಳು. ಟಕ್ ಅಂದಿತು.

"ಒತ್ತಲೇನು?"

"ಒತ್ತು."

ಕೆಂಪು ಹತ್ತಿತು. ಒಮ್ಮೆ ಆರಿತು. ಮತ್ತೆ ಹತ್ತಲಿಲ್ಲ. ಅದರ ಬದಿಯಲ್ಲಿ ಹಸಿರು ದೀಪವೊಂದು ಪಿಳುಕಿಸಿ, ಪಿಳುಕಿಸಿ, ನಿಂತಿತು.

ಅಂದಪ್ಪನ ಫೋನು ಅವನ ಎದೆಯ ಮೇಲೆ ಗುಂಯ್‌ಗುಟ್ಟಿತು. ಮಗನ ಕರೆ. "ಅಪ್ಪಾ, ಬಂತೇನು?"

"ಬಂತು. ಹಚ್ಚು ಮೈಕಿಗೆ."

ದಿಬ್ಬದ ಮೇಲೆ ನೀಲಪ್ಪ ಪದವನ್ನು ನಡುವಿಗೇ ಬಿಟ್ಟ. ಅಂದಪ್ಪ ಬೆನ್ನು ನೆಟ್ಟಗೆ ಮಾಡಿ, ತೊಡೆಯ ನೋವನ್ನು ಹಲ್ಲಲ್ಲಿ ಹಿಡಿದು, ಮಂಗಲದ ಮೊದಲ ಪದ್ಯ ಎತ್ತಿದ. ಮನೆಯೊಳಗೆ ಹೇಳಿದ್ದು ಒಂದು ಉಸಿರಿನಷ್ಟು ತಡವಾಗಿ ದಿಬ್ಬದ ಮೈಕಿನಿಂದ ಹೊರಳಿ ಬಂದು ಬೆಳಕಿಂಡಿಯಲ್ಲಿ ಇಳಿಯುತ್ತಿತ್ತು. ಗದಿಗೆವ್ವ ಗೂಡಿನ ಹತ್ತಿರವೇ ನಿಂತು, ಅಧ್ಯಾಯ ಮುಗಿಯುವವರೆಗೆ ಹಸಿರು ದೀಪದ ಮೇಲಿನ ಕಣ್ಣು ತೆಗೆಯಲಿಲ್ಲ. ಮಂಗಲವಾಯಿತು. ಗುಡಿಯ ಗಂಟೆ, ಜಾಗಟೆ, ಮಂದಿಯ ಜೈಕಾರ ಎಲ್ಲ ಒಟ್ಟಿಗೆ ಕೇಳಿದವು.

ಮಂದಿ ಚದುರಿದ ಮೇಲೆ ನೀಲಪ್ಪ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹೊರಸಿನ ಕಾಲ ಹತ್ತಿರ ಕೂತ. ಹಾಡಿ ಹಾಡಿ ಅವನ ದನಿ ಒಡೆದಿತ್ತು.

"ಕುಂಡ್ರಿ ಅಣ್ಣಾರ, ಚಾ ಮಾಡ್ತೀನಿ," ಅಂದಳು ಗದಿಗೆವ್ವ.

"ಬಿಸಿನೀರ ಇದ್ರ ಕೊಡ್ರಿ. ಗಂಟಲಾ ಹೋಗೈತಿ."

"ಅಷ್ಟ್ಯಾಕ ಹಾಡಿದಿಯೋ?" ಅಂದ ಅಂದಪ್ಪ. "ಬಿಸಲು ಹೊಸ್ತಲಾ ದಾಟಿ ಒಳಗ ಹೋಗಿತ್ತಂತ. ಸಿದ್ದಲಿಂಗೇಶ ಫೋನಿನ್ಯಾಗ ಹೇಳಿದ."

ನೀಲಪ್ಪ ಗೋಡೆಯ ಕಡೆ ನೋಡಿದ. "ಪದಾ ನಡದಾಗ ದೈವದವರು ಎದ್ದು ಮಂಗಲಾ ಹಿಡಿ ಅನ್ನಂಗಿಲ್ಲಲ್ಲ. ಎಳೀತಾ ಹ್ವಾದೆ."

ನೀಲಪ್ಪನ ಗಂಟಲಿನ ಬಗ್ಗೆ ಬೆಳಗ್ಗೆ ತಾನು ಆಡಿದ ಮಾತು ಅಂದಪ್ಪನಿಗೆ ನೆನಪಾಯಿತು. ಕೈ ಚಾಚಿ ನೀಲಪ್ಪನ ಮೊಳಕಾಲು ಮುಟ್ಟಿದ.

ನೀಲಪ್ಪ ಹೆಗಲ ವಸ್ತ್ರದ ಗಂಟು ಬಿಚ್ಚಿದ. ಒಳಗೆ ಒಂದು ತೆಂಗಿನಕಾಯಿ, ಐದು ವೀಳ್ಯದೆಲೆ, ಅಡಿಕೆ ಇದ್ದವು. ಮಂಗಲ ಹಾಡುವವನ ಕೈಗೆ ಗುಡಿಯಲ್ಲಿ ಕೊಡುವ ವೀಳ್ಯ. ಲೈನು ಹತ್ತದೆ ಇದ್ದಾಗ ದೈವದವರು ಅದನ್ನು ಅವನ ಉಡಿಗೆ ಹಾಕಿಬಿಟ್ಟಿದ್ದರು. ಎಲೆಗಳನ್ನು ಜೋಡಿಸಿ, ಅವುಗಳ ಮೇಲೆ ಕಾಯಿ ಇಟ್ಟು, ಅಂದಪ್ಪನ ಎರಡೂ ಕೈಗೆ ಕೊಟ್ಟ.