ಭಾವನ ಬಾಯಿಗೆ ಬಾರದ ಮೇಡೇ

ಬಂದರಿನ ರೇಡಿಯೋ ಕೋಣೆಗೆ ನನ್ನಂಥ ಕಿವಿ ಹಿಂದೆ ಬಂದಿರಲಿಲ್ಲ, ಮುಂದೆ ಹುಟ್ಟುವುದೂ ಅನುಮಾನ. ನಡುಗಡಲಲ್ಲಿ ಮೀನು ಆಕಳಿಸಿದರೆ ಇಲ್ಲೇ ಕುಳಿತು ಅದರ ವಯಸ್ಸು ಹೇಳುತ್ತೇನೆ. ಹದಿನಾರನೇ ಚಾನೆಲ್ಲು ಆಪತ್ತಿನವರಿಗೆ ಮೀಸಲು. ಅದರಲ್ಲಿ ಯಾರಾದರೂ 'ಮೇಡೇ' ಎಂದರೆ ಪ್ರಾಣಕ್ಕೇ ಕುತ್ತು ಬಂದಿದೆ ಎಂದರ್ಥ; ಸುತ್ತಲ ದೋಣಿಗಳು ಬಾಯಿ ಮುಚ್ಚಿ, ಬಲೆ ಬಿಟ್ಟು, ಓಡಬೇಕು.

ಒಂಟಿಯಾಗಿ ದೋಣಿಯಲ್ಲಿ ಮೀನಿಗೆ ಹೋಗುವ ನನ್ನ ಅಕ್ಕನ ಗಂಡನಿಗೆ ದಕ್ಕೆಯ ಮೀನುಗಾರರು ಇಟ್ಟ ಹೆಸರು ಡಂಗುರ. ಭಾವ ಮೇಡೇ ಎಂಬ ಪದವನ್ನು ಕೆಮ್ಮಿದಷ್ಟು ಸಲೀಸಾಗಿ ಬಳಸುತ್ತಿದ್ದರು. ಬೆಂಕಿಪೊಟ್ಟಣ ನೆನೆದರೆ ಮೇಡೇ. ಟೋಪಿ ಹಾರಿದರೆ ಮೇಡೇ. ಆ ಟೋಪಿ ಹುಡುಕಲು ಅರ್ಧ ಸಮುದ್ರವೇ ಬಂದು, ಬೈದು, ವಾಪಸು ಹೋಯಿತು. ಬಂದರಿನ ಅಧಿಕಾರಿ ಮನೆಬಾಗಿಲಿಗೆ ಬಂದು ರೇಡಿಯೋ ಕಿತ್ತುಕೊಳ್ಳುತ್ತೇನೆಂದು ಗದರಿದಾಗ ಅಕ್ಕನಿಗೆ ತಲೆಯೆತ್ತಲಾಗಲಿಲ್ಲ. ಆ ಪದ ಇನ್ನು ಬಾಯಲ್ಲಿ ಬರಕೂಡದೆಂದು ಗಂಡನಿಂದ ಆಣೆ ಮಾಡಿಸಿಕೊಂಡಳು.

ಅದಾಗಿ ಕೆಲವು ದಿನಕ್ಕೆ, ಒಂದು ಮಧ್ಯಾಹ್ನ ಅಕ್ಕ ನನಗೆ ಊಟ ತಂದಿದ್ದಳು. ರೇಡಿಯೋ ಗೊರಗುಟ್ಟಿತು.

"ಏನಪ್ಪಾ, ಬಿಡುವಾಗಿದ್ದೀಯಾ?"

"ಏನು ಭಾವ?"

"ಏನಿಲ್ಲ. ದೋಣಿಯೊಳಗೆ ಸ್ವಲ್ಪ ತೇವ."

ಬೆರಳುದ್ದದ ಮೀನನ್ನು ತಿಮಿಂಗಿಲವೆನ್ನುವ ಮನುಷ್ಯ 'ಸ್ವಲ್ಪ' ಎಂದಾಗ ನಾನು ಎತ್ತಿದ ತುತ್ತು ತಟ್ಟೆಗೇ ಬಿಟ್ಟೆ.

"ತೇವ ಎಲ್ಲೀವರೆಗೆ?"

"ಮೊಣಕಾಲು. ಪಂಪು ಕೆಟ್ಟಿದೆ, ಬಕೆಟ್ಟಲ್ಲಿ ಮೊಗೀತಿದೀನಿ. ಜನಕ್ಕೆ ತೊಂದ್ರೆ ಕೊಡ್ಬಾರ್ದಲ್ವಾ?"

"ಮೇಡೇ ಅನ್ನಿ ಭಾವ! ಎಲ್ಲಿದೀರಾ ಹೇಳಿ!"

"ಆಣೆ ಆಗಿದೆಯಲ್ಲಪ್ಪ. ತಪ್ಪಿದ್ರೆ ನಿಮ್ಮಕ್ಕ ಬಿಡ್ತಾಳಾ?"

ಅಷ್ಟರಲ್ಲಿ ಬೇರೆ ದೋಣಿಗಳ ಯಾರೋ ಇಬ್ಬರು ಅದೇ ಚಾನೆಲ್ಲಿನಲ್ಲಿ ಐಸು ಬೇಗ ಕರಗುವುದರ ಬಗ್ಗೆ ಹರಟತೊಡಗಿದರು. ನಡುವೆ ಸಂದು ಸಿಕ್ಕಾಗ ಭಾವ ಮೆಲ್ಲಗೆ, "ಪಾಪ, ಅವರು ಮಾತು ಮುಗಿಸ್ಲಿ" ಎಂದರು. ಭಾವನ ಪರವಾಗಿ ನಾನೇ ಮೇಡೇ ಕೂಗಬಹುದಿತ್ತು. ನನ್ನ ಕಂಠಕ್ಕೆ ಮುಳುಗಿದ ಹಡಗೂ ಎದ್ದು ಬರುತ್ತದೆ. ಆದರೆ ಭಾವ ಎಲ್ಲಿದ್ದಾರೆಂದೇ ತಿಳಿಯದೆ ದೋಣಿಗಳನ್ನು ಯಾವ ದಿಕ್ಕಿಗೆ ಕಳಿಸಲಿ?

ಅಕ್ಕ ಮೈಕು ಕಸಿದುಕೊಂಡಳು. "ರೀ! ನಿಮ್ಮ ಆಣೆ ನೀರುಪಾಲಾಗ್ಲಿ, ನೀವಾಗ್ಬೇಡಿ. ಕೂಗ್ರೀ!"

ಭಾವ ಕೂಗಿದರು. ಮೂರು ಸಲ ಮೇಡೇ, ಮೂರು ಸಲ ದೋಣಿಯ ಹೆಸರು. ದೀಪಸ್ತಂಭದ ಪಶ್ಚಿಮಕ್ಕೆ, ಬಂಡೆಸಾಲಿನ ಹೊರಗೆ. ಒಬ್ಬನೇ ಇದ್ದೇನೆ, ದೋಣಿ ಮುಳುಗುತ್ತಿದೆ. ಒಂದಕ್ಷರವೂ ಹೆಚ್ಚಿರಲಿಲ್ಲ.

ಐಸಿನವರಲ್ಲಿ ಒಬ್ಬ ನಕ್ಕ. "ಯಾರು, ಡಂಗುರನಾ? ಮತ್ತೆ ಟೋಪಿ ಹಾರ್ತಾ?"

"ನಾನು ಅವರ ಹೆಂಡ್ತಿ," ಎಂದಳು ಅಕ್ಕ. "ಈ ಸಲ ನಿಜ ಕಣಪ್ಪಾ. ಹೋಗು."

ನಗು ನಿಂತಿತು. ಆಮೇಲೆ ಕೇಳಿದ್ದು ಎಂಜಿನ್ನುಗಳ ಸದ್ದು ಮಾತ್ರ. ಎಷ್ಟು ದೋಣಿ ಹೊರಟವೆಂದರೆ ಸಮುದ್ರವೇ ಒಂದು ಕಡೆ ವಾಲಿತು. ಅಕ್ಕ ಮೈಕು ಹಿಡಿದು ನಿಂತೇ ಇದ್ದಳು.

ಕೊನೆಗೆ ಅದೇ ಐಸಿನವನ ದನಿ: "ಸಿಕ್ಕಿದ್ರು ಅಕ್ಕಾ. ಸೊಂಟದವರೆಗೆ ನೀರು. ಇನ್ನೊಂದ್ಸಲ ಕೂಗ್ಲಾ ಅಂತ ಕೇಳ್ತಿದಾರೆ."

"ಸಾಕು ಅನ್ನು. ಮೊದ್ಲು ನಿನ್ನ ದೋಣಿ ಹತ್ಲಿ."

ಆಪತ್ತು ಮುಗಿಯಿತೆಂದು ನನ್ನ ಅದ್ವಿತೀಯ ಕಂಠದಲ್ಲಿ ಸಾರಲು ನಾನು ಕೈ ಚಾಚಿದೆ. ಅಕ್ಕ ಮಾತಾಡುವ ಗುಂಡಿಯಿಂದ ಬೆರಳು ತೆಗೆದಳು, ಮೈಕು ಮಾತ್ರ ಕೊಡಲಿಲ್ಲ. ಭಾವ ಆ ದೋಣಿ ಹತ್ತಿದರೆಂದು ಕೇಳುವವರೆಗೂ ಅದನ್ನು ಎದೆಗೊತ್ತಿ ಹಿಡಿದಿದ್ದಳು.