ಎರಡು ಆಂಪ್ಲಿಫೈಯರ್, ಒಂದು ಕುರ್ಚಿ

ನಮ್ಮ ಮನೆಯ ಹಾಲ್‌ನಲ್ಲಿ ಒಂದು ಕುರ್ಚಿಯಿದೆ. ಅದರಲ್ಲಿ ಕೂರುವ ಹಕ್ಕು ನನ್ನ ಗಂಡನಿಗೆ ಮಾತ್ರ. ಎರಡು ಸ್ಪೀಕರ್‌ಗಳಿಗೂ ಸಮದೂರದಲ್ಲಿ ಅದರ ಜಾಗ. ನಾಲ್ಕು ಕಾಲಿಗೂ ನೆಲದ ಮೇಲೆ ಅಂಟುಪಟ್ಟಿಯ ಗುರುತು. ಗುಡಿಸುವಾಗ ಒಂದು ಬೆರಳಿನಷ್ಟು ಸರಿದರೂ ಅವರಿಗೆ ತಿಳಿಯುತ್ತದೆ. ನಾನು ಹೊಸ ಕನ್ನಡಕ ಹಾಕಿಕೊಂಡು ವಾರವಿಡೀ ಎದುರಿಗೇ ಓಡಾಡಿದ್ದು ಮಾತ್ರ ತಿಳಿಯಲಿಲ್ಲ.

ಅವರದು ಕಿವಿಯ ಕಸುಬು. ಸಿನಿಮಾಗಳಿಗೆ ಸದ್ದಿನ ಹದ ಮಾಡುತ್ತಾರೆ. ಮಾತು ಎಷ್ಟು, ಹಾಡು ಎಷ್ಟು, ಬಾಗಿಲು ಎಡಗಡೆ ಕಿರುಗುಟ್ಟಬೇಕೋ ಬಲಗಡೆಯೋ, ಎಲ್ಲ ಅವರ ತೀರ್ಮಾನ. ಸ್ಟುಡಿಯೋದವರು ಅವರನ್ನು ಕರೆಯುವುದೇ ಕಿವಿ ಮೇಷ್ಟ್ರು ಎಂದು. ಅಂಥ ಮೇಷ್ಟ್ರ ಎಡಗಿವಿ ಕೈಕೊಡುತ್ತಿದೆಯೆಂದು ನನಗೆ ಅನುಮಾನ ಹತ್ತಿತು. ಎಡಗೈಯಲ್ಲಿ ಎತ್ತಿದ ಫೋನನ್ನು ಬಲಗಿವಿಗೆ ದಾಟಿಸುತ್ತಿದ್ದರು. ಊಟಕ್ಕೆ ನಾನು ಕೂರುವುದು ಅವರ ಎಡಕ್ಕೆ. ನಾನು ಏನು ಹೇಳಿದರೂ 'ಹೂಂ' ಎನ್ನುತ್ತಿದ್ದರು. ಊಹೂಂ ಎನ್ನಬೇಕಾದ ಕಡೆಯೂ ಹೂಂ. ಬಲಗಿವಿಯನ್ನು ದಿಂಬಿಗೆ ಒತ್ತಿ ಮಲಗಿದ ದಿನವಂತೂ ಅಲಾರಾಂ ಬಡಿದುಕೊಂಡು ಬಡಿದುಕೊಂಡು ತಾನೇ ಸುಸ್ತಾಗುತ್ತಿತ್ತು.

"ಡಾಕ್ಟರಿಗೆ ತೋರಿಸೋಣ" ಅಂದೆ.

"ನನ್ನ ಕಿವಿಗೇನಾಗಿದೆ? ಆಂಪ್ಲಿಫೈಯರ್ ಹಳೇದಾಯ್ತು. ಎಡಗಡೆ ಸೊರಗಿದೆ" ಅಂದರು.

ಆಂಪ್ಲಿಫೈಯರ್ ಅಂದರೆ ಸ್ಪೀಕರ್‌ಗಳಿಗೆ ಬಲ ಕೊಡುವ ಪೆಟ್ಟಿಗೆ. ಪಾಪ, ಬಾಯಿಲ್ಲದ ಪೆಟ್ಟಿಗೆ, ಹೊರಿಸಿದ ತಪ್ಪನ್ನೆಲ್ಲ ಹೊತ್ತುಕೊಂಡು ಕೂತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಗಾದೆಯನ್ನು ಗಟ್ಟಿಯಾಗಿಯೇ ಹೇಳಿದೆ, ಆದರೆ ಎಡಗಡೆಯಿಂದ ಹೇಳಿದ್ದೆ.

ಅಲ್ಲಿಂದ ಮನೆಯಲ್ಲಿ ಯಾವ ವಸ್ತುವೂ ನಿಂತಲ್ಲಿ ನಿಲ್ಲಲಿಲ್ಲ. ಅವರ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಒಂದು ಕಡೆ ಸದ್ದು ಕುಗ್ಗಿದರೆ ಎಡಬಲದ ವೈರುಗಳನ್ನು ಅದಲುಬದಲು ಮಾಡಬೇಕು. ದೋಷವೂ ಆಚೆ ಬದಿಗೆ ಹೋದರೆ ತಪ್ಪು ಪೆಟ್ಟಿಗೆಯದು. ಹೋಗದಿದ್ದರೆ ಅದರ ಮುಂದಿನದನ್ನು ಅದಲುಬದಲು ಮಾಡಿ ನೋಡಬೇಕು. ವೈರು ಬದಲಿಸಿದರು, ದೋಷ ಎಡಕ್ಕೇ ಇತ್ತು. ಸ್ಪೀಕರ್‌ಗಳನ್ನು ಆಚೀಚೆ ಮಾಡಿದರು, ಎಡಕ್ಕೇ ಇತ್ತು. ಪರದೆ ಕಿತ್ತರು, ಪುಸ್ತಕದ ಕಪಾಟನ್ನು ನನ್ನ ಕೈಲೂ ತಳ್ಳಿಸಿದರು. ರಾತ್ರಿಯಿಡೀ ಹೊರಳಾಡಿ, ಬೆಳಗಾದರೆ ಹಲ್ಲುಜ್ಜುವ ಮೊದಲೇ ಪೆಟ್ಟಿಗೆಯ ಹಿಂದೆ ಬಗ್ಗಿರುತ್ತಿದ್ದರು. ನನಗೆ ತಲೆ ಚಿಟ್ಟು ಹಿಡಿದುಹೋಯಿತು.

"ಈ ಹಾಲ್‌ನಲ್ಲಿ ಅದಲುಬದಲು ಮಾಡದೆ ಉಳಿದಿರೋದು ನೀವೊಬ್ರೇ ರೀ" ಅಂದೆ. ಅದು ಬಲಗಡೆಯಿಂದ ಹೇಳಿದ್ದು. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು.

ನಾನೇ ಕಿವಿ ಡಾಕ್ಟರಿಗೆ ಫೋನು ಮಾಡಿ ಕೇಳಿದೆ. ನಮ್ಮ ಬೀದಿಯ ಕೊನೆಯಲ್ಲೇ ಅವರ ಕ್ಲಿನಿಕ್. "ಬೇಗ ಕರ್ಕೊಂಡು ಬನ್ನಿ. ತಡ ಮಾಡಿದಷ್ಟೂ ಉಳಿಸೋದು ಕಷ್ಟ" ಅಂದರು. ಕೊನೆಗೆ ನನ್ನ ಗಂಡನನ್ನು ಒಂದು ಒಪ್ಪಂದಕ್ಕೆ ಒಪ್ಪಿಸಿದೆ. ನನ್ನ ತಮ್ಮನದು ಇಂಥ ದುಬಾರಿ ಪೆಟ್ಟಿಗೆಗಳ ಅಂಗಡಿ. ಅವನು ಒಳ್ಳೆಯವೆರಡನ್ನು ತರಲಿ, ಎರಡರಲ್ಲೂ ಎಡಗಡೆ ಸೊರಗಿದರೆ ಅವತ್ತೇ ಕ್ಲಿನಿಕ್ಕಿಗೆ ಹೊರಡಬೇಕು. ಹೂಂ ಅಂದರು. ಈ ಸಲ ಬಲಗಡೆ ನಿಂತು, ಎರಡು ಸಲ ಅನ್ನಿಸಿಕೊಂಡೆ.

ಭಾನುವಾರ ಬೆಳಿಗ್ಗೆ ತಮ್ಮ ಏದುಸಿರು ಬಿಡುತ್ತಾ ಎರಡು ಪೆಟ್ಟಿಗೆ ತಂದಿಳಿಸಿದ. ಒಂದರ ತಲೆಯ ಮೇಲೆ ಗಾಜಿನ ಬುರುಡೆಗಳ ಸಾಲು. ಇನ್ನೊಂದು ಕಪ್ಪು ಕಬ್ಬಿಣದ ದಿಮ್ಮಿ.

"ಅಕ್ಕ, ಇದನ್ನ ಎತ್ತಿ ನನ್ನ ಸೊಂಟ ಬಿದ್ದೋಯ್ತು" ಅಂದ.

"ಸೊಂಟದ ಡಾಕ್ಟರೂ ಅಲ್ಲೇ ಪಕ್ಕದಲ್ಲಿದಾರೆ. ಇಬ್ರನ್ನೂ ಒಟ್ಟಿಗೇ ಕರ್ಕೊಂಡು ಹೋಗ್ತೀನಿ ಬಿಡು" ಅಂದೆ. ಅವರು ನಗಲಿಲ್ಲ.

ಮೊದಲು ಗಾಜಿನ ಬುರುಡೆಯದು. ಬುರುಡೆಗಳು ಕಾಯುವ ತನಕ ಕಾಯಬೇಕಂತೆ. ಅವರಿಗೆ ಕೂರಲಾಗಲಿಲ್ಲ, ಕಿಟಕಿಗೂ ಬಾಗಿಲಿಗೂ ಸುತ್ತಿದರು. ಆಮೇಲೆ ಮಾಮೂಲಿ ಹಾಡು ಹಾಕಿದರು. ಹೊಸ ಪೆಟ್ಟಿಗೆ ಯಾವುದೇ ಬರಲಿ, ಅದಕ್ಕೆ ಇದೊಂದೇ ಪರೀಕ್ಷೆ: ಹಾಡುವವಳು ಎರಡು ಸ್ಪೀಕರ್‌ಗಳ ನಡುಮಧ್ಯೆ, ಎದುರಿಗೇ ಬಂದು ನಿಂತ ಹಾಗೆ ಕೇಳಬೇಕು.

"ಬಲಕ್ಕೆ ವಾಲಿದಾಳೆ" ಅಂದರು. ಮುಖ ಕಪ್ಪಿಟ್ಟಿತು. "ಈ ಬುರುಡೆ ಜಾತಿನೇ ಹೀಗೆ. ಇನ್ನೊಂದು ಜೋಡಿಸು. ಬೇಡ, ನೀನು ಬಿಡು, ನಾನೇ ಜೋಡಿಸ್ತೀನಿ."

ಕಪ್ಪು ದಿಮ್ಮಿಯ ಹಿಂದೆ ಬಹಳ ಹೊತ್ತು ಬಗ್ಗಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ಸೆರಗು ಹಿಂಡುತ್ತಾ ನಿಂತಿದ್ದೆ. ಹಾಡು ಶುರುವಾಯಿತು. ಕುರ್ಚಿಯ ಬೆನ್ನಿನ ಮೇಲೆ ಅವರ ತಲೆ ಮಾತ್ರ ಕಾಣುತ್ತಿತ್ತು. ಆ ತಲೆ ಮೆಲ್ಲಗೆ ಅಲ್ಲಾಡಿತು.

"ನಡುಮಧ್ಯೆ ನಿಂತಿದಾಳೆ ನೋಡು. ನಾನು ಹೇಳಿರಲಿಲ್ವಾ?"

ನನಗೆ ಕಣ್ಣು ತುಂಬಿ ಬಂತು. ಒಳ್ಳೆಯ ಕಿವಿಯನ್ನು ಕೆಟ್ಟಿದೆ ಅಂದೆನಲ್ಲ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ ಎಂದು ನನ್ನನ್ನೇ ಬೈದುಕೊಂಡೆ. ಅವರು ಹಾಡನ್ನು ಹಾಗೇ ಬಿಟ್ಟು ಎದ್ದು, ಇವತ್ತು ಟೀ ನಾನೇ ಮಾಡ್ತೀನಿ ಅಂತ ಒಳಗೆ ಹೋದರು. ಮದುವೆಯಾದ ಮೇಲೆ ಅವರು ಒಲೆ ಹಚ್ಚಿದ್ದೇ ಅಪರೂಪ.

ಆ ಸಂಭ್ರಮದಲ್ಲಿ ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ಅದೇ ಮೊದಲು.

ಹಾಡುವವಳು ನಡುಮಧ್ಯೆ ಇರಲಿಲ್ಲ. ಪೂರ್ತಿ ಎಡಕ್ಕೆ ಹೋಗಿ, ಸ್ಪೀಕರಿಗೆ ಆತುಕೊಂಡು ನಿಂತಿದ್ದಳು.

ಮೈ ಉರಿದುಹೋಯಿತು. ತಮ್ಮನ ತೋಳು ಹಿಡಿದೆಳೆದೆ. "ಏನೋ ಮಾಡಿಟ್ಟಿದೀಯ? ಭಾವನ್ನ ಖುಷಿಪಡಿಸೋಕೆ ಹೋಗಿ ಅವರ ಕಿವಿ ತೆಗೀತೀಯಾ?"

ಅವನು ಗಾಬರಿಯಾಗಿ ಪೆಟ್ಟಿಗೆಯ ಹಿಂದೆ ಇಣುಕಿದ. ಅಲ್ಲಿ ಎಡಕ್ಕೊಂದು ಬಲಕ್ಕೊಂದು ಸಣ್ಣ ನಾಬ್‌ಗಳಿದ್ದವು. ಯಾವ ಬದಿಗೆ ಎಷ್ಟು ಸದ್ದು ಎಂದು ಅಲ್ಲೇ ಕೂರಿಸುವುದಂತೆ. "ಅಂಗಡಿಲಿ ಎರಡೂ ಸಮ ಇಟ್ಟು ತಂದಿದ್ದೆ ಅಕ್ಕ. ಬಲಗಡೇದು ಅರ್ಧಕ್ಕೆ ಇಳಿದಿದೆ." ಎರಡೂ ಕೈ ಎತ್ತಿ ಅಂದ, "ನಾನು ಮುಟ್ಟಿಲ್ಲ. ಜೋಡಿಸಿದ್ದು ಭಾವ."

ಅವರಿಗೆ ಗೊತ್ತಿತ್ತು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಿತ್ತು. ಊರಿನವರ ಸದ್ದಿನಲ್ಲಿ ಕೂದಲೆಳೆಯಷ್ಟು ತಪ್ಪು ಹಿಡಿಯುವ ಮನುಷ್ಯ ತನ್ನ ಪರೀಕ್ಷೆಯಲ್ಲಿ ತಾನೇ ಕಾಪಿ ಹೊಡೆದಿದ್ದರು. ಒಳಗೆ ಲೋಟಗಳ ಸದ್ದು. ಶಿಳ್ಳೆ ಬೇರೆ ಹಾಕುತ್ತಿದ್ದರು. ಬಗ್ಗಿ ಕುರ್ಚಿಯನ್ನು ಎತ್ತಿದೆ, ಅಂಟುಪಟ್ಟಿಯ ಗುರುತುಗಳ ಮೇಲೆಯೇ ಹಿಂದುಮುಂದಾಗಿ ಇಟ್ಟೆ. ಈಗ ಅದರ ಬೆನ್ನು ಸ್ಪೀಕರ್‌ಗಳಿಗೆ; ಜೋರಾದ ಬದಿ ಕೂತವರ ಬಲಗಿವಿಗೆ, ಇಳಿಸಿದ ಬದಿ ಎಡಗಿವಿಗೆ.

ಟೀ ತಟ್ಟೆ ಹಿಡಿದು ಬಂದವರು ಬಾಗಿಲಲ್ಲೇ ನಿಂತರು. "ಕುರ್ಚಿ ಯಾರು ತಿರುಗಿಸಿದ್ದು?"

"ನಾನೇ. ಅದಲುಬದಲು ಮಾಡದೆ ಉಳಿದಿದ್ದು ಇದೊಂದೇ ಅಲ್ವಾ? ಕೂತ್ಕೊಳ್ಳಿ."

ತಮ್ಮನ ಕಡೆ ನೋಡಿದರು. ಅವನು ತನ್ನ ಕಾಲ್ಬೆರಳು ಎಣಿಸುತ್ತಿದ್ದ. ಕೂರುವ ಅಗತ್ಯವೇ ಇರಲಿಲ್ಲ. ಕೂತರೆ ಏನಾಗುತ್ತದೆಂದು ನಮ್ಮೆಲ್ಲರಿಗಿಂತ ಚೆನ್ನಾಗಿ ಅವರಿಗೇ ಗೊತ್ತಿತ್ತು. ಆದರೂ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಕೂತರು. ಹಾಡು ಕೇಳುವಾಗ ಅವರ ಮುಖವನ್ನು ನಾನು ಅಡುಗೆಮನೆಯ ಬಾಗಿಲಿಂದ ನೋಡಿದ್ದು ಅವತ್ತೇ ಮೊದಲು. ಹಾಡು ಪೂರ್ತಿ ಮುಗಿಯಿತು.

"ಎಡಗಡೆ ಯಾರೂ ಇಲ್ಲ ಕಣೇ" ಅಂದರು.

"ಗೊತ್ತಿದ್ದೂ ಯಾಕ್ರೀ ಹೀಗೆ ಮಾಡಿದ್ರಿ?"

"ಸ್ಟುಡಿಯೋದಲ್ಲೂ ಸದ್ದು ಅಳೆಯೋ ಮೀಟರ್ ಮುಳ್ಳು ನೋಡ್ಕೊಂಡೇ ಕೆಲಸ ಸಾಗಿಸ್ತಿದೀನಿ. ಪೆಟ್ಟಿಗೆ ಕೆಟ್ಟಿದ್ರೆ ಇನ್ನೊಂದು ತರಬಹುದು. ಇದು ಹೋಯ್ತು ಅಂತ ಡಾಕ್ಟರು ಹೇಳಿಬಿಟ್ರೆ ಎಲ್ಲಿಂದ ತರ್ಲಿ? ಹೇಳೋ ತನಕ ಹೋಗಿಲ್ಲ ಅಂತಾದ್ರೂ ಇರುತ್ತಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಇಷ್ಟು ಹೆದರಿಕೆಯನ್ನು ಈ ಮನುಷ್ಯ ಒಬ್ಬರೇ ನುಂಗಿಕೊಂಡು, ನನ್ನ ಎದುರೇ ಕಪಾಟು ತಳ್ಳುತ್ತಿದ್ದರಲ್ಲ. ಅವರ ಮೇಲೆ ಸಿಟ್ಟೂ ಬಂತು, ಅವರನ್ನು ಬಿಗಿದಪ್ಪಿಕೊಳ್ಳಬೇಕು ಅಂತಲೂ ಆಯಿತು. ತಮ್ಮ ಎದುರಿಗಿದ್ದ, ಆದ್ದರಿಂದ ಸಿಟ್ಟನ್ನೇ ಆರಿಸಿಕೊಂಡೆ.

"ಹೋಗಿದ್ರೆ ಇನ್ನೊಂದು ಕಿವಿ ಇದೆ, ನಾನಿದೀನಿ. ಹೋಗೋ ಮುಂಚೆನೇ ಅದನ್ನ ಸಾಯಿಸಬೇಡಿ. ಮಧ್ಯಾಹ್ನದವರೆಗೆ ಡಾಕ್ಟರು ಇರ್ತಾರೆ. ಏಳಿ."

ಎದ್ದರು. ತಮ್ಮ ಹಾಲ್‌ನಲ್ಲಿ ಒಬ್ಬನೇ ಮೂರು ಲೋಟ ಟೀ ಕಾಯುತ್ತಾ ಉಳಿದ.

ಬೀದಿಯಲ್ಲಿ ನಾನು ಮಾತು ನಿಲ್ಲಿಸಲಿಲ್ಲ. ಎಷ್ಟು ದಿನದಿಂದ ಹೀಗಿದೆ, ನನ್ನ ಹತ್ತಿರ ಯಾಕೆ ಹೇಳಲಿಲ್ಲ, ಬೇರೆಯವರ ಹತ್ತಿರ ಹೇಳಿದ್ದೀರಾ, ನಾನೇನು ಈ ಮನೆಗೆ ಬಾಡಿಗೆಗೆ ಇದ್ದೀನಾ, ನಿಮಗೇನಾದರೂ ಆದರೆ ನಾನು ಯಾರ ಜೊತೆ ಜಗಳ ಆಡಲಿ, ಎಲ್ಲ ಕೇಳಿದೆ. ಒಳಗಿದ್ದದ್ದನ್ನೆಲ್ಲ ಕಕ್ಕಿಬಿಟ್ಟೆ.

"ಹೂಂ" ಅಂದರು.

ನಿಂತೆ. ಮಾಮೂಲಿನಂತೆ ಅವರ ಎಡಕ್ಕೇ ನಡೆಯುತ್ತಿದ್ದೆ. ಕಣ್ಣೊರೆಸಿಕೊಂಡು, ಅವರನ್ನು ಸುತ್ತಿ ಬಲಕ್ಕೆ ಬಂದು, ಕೈ ಹಿಡಿದುಕೊಂಡು, ಬೈಗುಳವನ್ನು ಮೊದಲಿನಿಂದ ಶುರುಮಾಡಿದೆ.