ಒಗೆಯದ ಸೀರೆ

ಹೆಂಡತಿಯ ಸೀರೆ ಉಟ್ಟು ಚನ್ನಪ್ಪ ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಾಗ ದನದ ಡಾಕ್ಟ್ರಮ್ಮ ಭವ್ಯಶ್ರೀ ಒಳಗೆ ಬಂದರು. ಕೊಣನೂರಿಗೆ ಬಂದು ಎರಡು ವರ್ಷ; ಇಂಥದ್ದಕ್ಕೆ ನಗದಿರುವುದನ್ನು ಅಷ್ಟರಲ್ಲಿ ಕಲಿತಿದ್ದರು.

"ಮೂರು ಒತ್ತಾಯ್ತು ಕಣವ್ವ, ಒಂದು ತೊಟ್ಟು ಇಳಿಸಿಲ್ಲ. ಎಂಗಸ್ರು ಕರೀತಿದ್ದ ಅಸ, ಸೀರೆ ಉಟ್ಕಂಡ್ರೆ ಬುಡ್ತದೆ ಅಂತ ನಮ್ಮಪ್ಪನೂ ಇಂಗೇ ಮಾಡೋನು. ಇವ್ಳು ನನ್ನ ನಾಟಕದೋನು ಅಂದ್ಕಂಡವ್ಳೆ."

ಹೆಂಡತಿ ನಂಜಮ್ಮ ಹಾಸನದ ಆಸ್ಪತ್ರೆಯಲ್ಲಿದ್ದಳು. ಗರ್ಭಕೋಶದ ಆಪರೇಷನ್ ಚೆನ್ನಾಗೇ ಆಗಿತ್ತು. ಆದರೆ ಗಂಜಿ ಮುಟ್ಟುತ್ತಿರಲಿಲ್ಲ. ನಿನ್ನೆ ಚನ್ನಪ್ಪ ಮಿಂದು, ಪೌಡರು ಬಳಿದು, ಇಸ್ತ್ರಿ ಅಂಗಿ ತೊಟ್ಟು ಹೋದರೂ ಅವಳು ಗೋಡೆಯ ಕಡೆ ಮಾಡಿದ್ದ ಮುಖ ತಿರುಗಿಸಲಿಲ್ಲ. "ಇವತ್ತೂ ಅಂಗೇ ಅಪ್ಪ," ಎಂದು ಮಗಳು ಸೌಜನ್ಯ ಬೆಳಿಗ್ಗೆ ಫೋನಿನಲ್ಲಿ ಅತ್ತಿದ್ದಳು.

ಭವ್ಯಶ್ರೀ ಕೆಚ್ಚಲು ಮುಟ್ಟಿ ನೋಡಿದರು. ಕಲ್ಲಿನಂತಿತ್ತು. "ಹೀಗೇ ಬಿಟ್ರೆ ಬಾವು ಬರುತ್ತೆ ಗೌಡ್ರೆ. ಯಾವ ಸೀರೆ ಇದು?"

"ಬೀರುದು. ಒಳ್ಳೇದ್ನೇ ಉಟ್ಟಿವ್ನಿ."

"ಸೋಪಿನ ವಾಸನೆಗೆ ಯಾವ ಹಸು ಹಾಲಿಳಿಸುತ್ತೆ? ಒಗೆಯದೇ ಇರೋದು ತನ್ನಿ."

ಬಚ್ಚಲ ಗೂಟದಲ್ಲಿ ನಂಜಮ್ಮ ಬಿಟ್ಟುಹೋದ ಸೀರೆ ನೇತಾಡುತ್ತಿತ್ತು. ಚನ್ನಪ್ಪ ಅದನ್ನು ಸುತ್ತಿಕೊಂಡು ಬಂದ. ಹಸು ಸೆರಗು ಮೂಸಿತು, ನೆಕ್ಕಿತು, ಉದ್ದಕ್ಕೆ ಉಸಿರುಬಿಟ್ಟಿತು. ಸ್ವಲ್ಪ ಹೊತ್ತಿಗೆ ಹಾಲು ಬಕೆಟ್ಟಿಗೆ ಸೊರ್ ಎಂದು ಬಿತ್ತು.

"ಬಡ್ಡೆತ್ತದ್ದೇ!" ಎಂದ ಚನ್ನಪ್ಪ. "ಇದೆಂಗವ್ವ?"

"ಮಿದುಳಿನೊಳಗೆ ಬಹಳ ಹಳೇ ಭಾಗ ಇದೆ ಗೌಡ್ರೆ. ಭಯ, ಅಕ್ಕರೆಗೆಲ್ಲ ಅಲ್ಲೇ ಬೇರು. ಮನುಷ್ಯ ಹುಟ್ಟೋಕ್ಕಿಂತ ಎಷ್ಟೋ ಮುಂಚೆಯೇ ಇತ್ತು. ವಾಸನೆ ಸೀದಾ ಅಲ್ಲಿಗೆ ಹೋಗುತ್ತೆ, ಯೋಚನೆಗೆ ಕಾಯಲ್ಲ."

"ನಂಗೂ ಇವ್ಳಿಗೂ ಒಂದೇಯಾ?"

"ಆ ಭಾಗ ಹೆಚ್ಚುಕಮ್ಮಿ ಒಂದೇ."

"ಮತ್ತೆ ನಾನು ಎಸ್ಸೆಲ್ಸಿ ಓದಿದ್ದು?"

"ಅದು ಮೇಲೆ ಕಟ್ಟಿಸಿದ ಮಹಡಿ."

ಚನ್ನಪ್ಪ ಕರೆಯುವ ಕೈ ನಿಲ್ಲಿಸಿದ. "ಎಂಗಸ್ರಿಗೂ ಇರ್ತದಾ, ಆ ಹಳೇದು?"

"ಗಂಡಸ್ರಿಗೇ ಇದೆಯಲ್ಲ," ಎಂದರು ಭವ್ಯಶ್ರೀ.

ಹಂಡೆಯಲ್ಲಿ ನೀರು ಕಾದಿತ್ತು, ಚನ್ನಪ್ಪ ಮೀಯಲಿಲ್ಲ. ಸಗಣಿ, ಹಾಲು ನಾರುತ್ತಿದ್ದ ಕೊಟ್ಟಿಗೆಯ ಅಂಗಿಯಲ್ಲೇ ಹತ್ತು ಗಂಟೆಯ ಹಾಸನದ ಬಸ್ಸು ಹತ್ತಿದ. ಪಕ್ಕದಲ್ಲಿದ್ದ ಮೇಷ್ಟ್ರೊಬ್ಬರು ಮೂಗಿಗೆ ಕರ್ಚೀಫು ಹಿಡಿದು, ಕಿಟಕಿಯ ಗಾಜನ್ನು ಪೂರ್ತಿ ಸರಿಸಿದರು. ಅರಕಲಗೂಡು ದಾಟುತ್ತಲೇ ಗಾಳಿ ಜೋರಾಗಿ ನುಗ್ಗಿತು.

"ತಪ್ಪು ತಿಳೀಬ್ಯಾಡಿ ಸಾ," ಎನ್ನುತ್ತ ಚನ್ನಪ್ಪ ಎದ್ದು, ಅವರ ಮೇಲಿಂದ ಕೈ ಚಾಚಿ ಗಾಜು ಮುಚ್ಚಿದ.